ಐಸಿನಲ್ಲಿಟ್ಟ ರಕ್ತ

"ಇಸ್ತ್ರಿ ಅಣ್ಣಾ... ಹೊರಗೆ ಬಾ! ಒಳಗಿದ್ದೀಯ ಅಂತ ಗೊತ್ತು!"

ಕಂಬನ ದನಿ. ಲಾಂಡ್ರಿಯ ಬಾಗಿಲಿನಿಂದಲೇ ಬಂತು.

ನಾನು ಒದ್ದೆ ಬೆಡ್‌ಶೀಟುಗಳ ಗಾಡಿಯ ಹಿಂದೆ ಕುಕ್ಕರಗಾಲಿನಲ್ಲಿ ಕೂತಿದ್ದೆ. ಎಡ ಹೆಗಲಿಗೆ ಒಂದು ಫ್ಲಾಸ್ಕು. ಬಲಗೈಯ ಎರಡು ಬೆರಳ ತುದಿಯಲ್ಲಿ ಒಂದು ಸಿರಿಂಜು. ಅದರಲ್ಲಿ ಎರಡು ಮಿಲಿ ರಕ್ತ. ಫ್ಲಾಸ್ಕಿನೊಳಗೆ ಐಸು, ಐಸಿನೊಳಗೆ ಇನ್ನೊಂದು ಸಿರಿಂಜು. ಅದರಲ್ಲೂ ಎರಡು ಮಿಲಿ.

ಎರಡೂ ನನ್ನದೇ!

ಎಡ ಮಣಿಕಟ್ಟು ಪಟಪಟ ಹೊಡೆದುಕೊಳ್ಳುತ್ತಿತ್ತು. ಬ್ಯಾಂಡೇಜಿನಡಿ ನಿಂಬೆಹಣ್ಣಿನಷ್ಟು ಊತ. ಗೋಡೆಯ ಗಡಿಯಾರ ನೋಡಿದೆ. ಮೂರು ಹತ್ತೊಂಬತ್ತು.

ರಕ್ತ ತೆಗೆದದ್ದು ಮೂರು ಐದಕ್ಕೆ. ಕೈಯಲ್ಲಿದ್ದ ಸಿರಿಂಜು ಮೂರು ಮೂವತ್ತೈದರೊಳಗೆ ಎರಡನೇ ಮಹಡಿಯ ಮೆಷಿನ್ನಿಗೆ ಹೋಗಬೇಕು. ಒಂದು ನಿಮಿಷ ತಡವಾದರೂ ಅದರ ಮಾತಿಗೆ ಬೆಲೆಯಿಲ್ಲ. ನಾಲ್ಕು ಗಂಟೆಗೆ, ಅದೇ ಮಹಡಿಯ ಮೀಟಿಂಗ್ ರೂಮಿನಲ್ಲಿ, ವಿಚಾರಣಾ ಕಮಿಟಿಯ ಮೂರು ಜನ ಕೂತು ಒಬ್ಬ ನರ್ಸಿನ ಹೆಸರನ್ನು ರಿಜಿಸ್ಟರಿನಿಂದ ಹೊಡೆದುಹಾಕಲಿದ್ದರು.

ಅವರ ಕೈಗೆ ಪೆನ್ನು ಕೊಟ್ಟವನು ನಾನು.

"ಅಣ್ಣಾ, ಮೂರು ಎಣಿಸ್ತೀನಿ!"

ಕಂಬ ಎಣಿಸಲು ಕಲಿತದ್ದೂ ನನ್ನಿಂದಲೇ ಇರಬೇಕು. ಆರಡಿ ಎರಡಂಗುಲದ ಆ ಸೆಕ್ಯೂರಿಟಿ ಮುಖ್ಯಸ್ಥನನ್ನು ಕೆಲಸಕ್ಕೆ ಸೇರಿಸಿದ್ದು ನಾನು. ಎರಡು ಎನ್ನುವಷ್ಟರಲ್ಲಿ ಒದ್ದೆ ಗಾಡಿಯನ್ನು ಅವನ ಮೊಣಕಾಲಿಗೆ ನೂಕಿ, ಹಿಂಬಾಗಿಲಿನಿಂದ ಹಾರಿದೆ!

ಹಾರಿದೆ ಎಂದರೆ... ನನಗೆ ಐವತ್ತೊಂದು. ಹಾರುವುದು ಎಂಬ ಮಾತನ್ನು ನೀವು ಸ್ವಲ್ಪ ಕಡಿಮೆ ಮಾಡಿಕೊಂಡು ಕೇಳಿ.

*

ಆ ಆಸ್ಪತ್ರೆಯಲ್ಲಿ ಹದಿನಾರು ವರ್ಷ ಎಲ್ಲರೂ ನನ್ನನ್ನು ಕರೆದದ್ದು ಇಸ್ತ್ರಿ ಅಂತ. ಎಲ್ಲಿ ಸುಕ್ಕು ಬಿದ್ದರೂ ಕರೆ ಬರುತ್ತಿದ್ದದ್ದು ನನಗೆ. ರೋಗಿಯ ಕಡೆಯವರು ಕೂಗಾಡಿದರೆ ನಾನು. ಪತ್ರಿಕೆಯವರು ಗೇಟಿಗೆ ಬಂದರೆ ನಾನು. ಡಾಕ್ಟರು ಕುಡಿದು ಡ್ಯೂಟಿಗೆ ಬಂದಿದ್ದರೆ, ಕುಡಿದಿರಲಿಲ್ಲ ಎಂದು ಎಂಟು ಜನರ ಬಾಯಲ್ಲಿ ಹೇಳಿಸುವವನೂ ನಾನು. ಸ್ವಲ್ಪ ನೀರು ಚಿಮುಕಿಸಿ, ಬಿಸಿ ತಾಗಿಸಿ, ಒತ್ತಿದರೆ ಹೋಗದ ಸುಕ್ಕಿಲ್ಲ. ಮನುಷ್ಯರದ್ದೂ ಅಷ್ಟೇ.

ನಗುತ್ತಿದ್ದೀರಿ. ನಗಿ. ಮುಂದೆ ನಗುವುದಕ್ಕೆ ಜಾಗ ಕಡಿಮೆ.

ಒಬ್ಬ ಟೈಲರು ನಮ್ಮಲ್ಲಿ ತೀರಿಕೊಂಡ. ಐವತ್ತನಾಲ್ಕು ವರ್ಷ, ನ್ಯುಮೋನಿಯಾ. ಐಸಿಯುನಲ್ಲಿದ್ದ. ಒಂದು ಮಧ್ಯಾಹ್ನ ಅವನ ಮಣಿಕಟ್ಟಿನಿಂದ ರಕ್ತ ತೆಗೆದು ಬ್ಲಡ್ ಗ್ಯಾಸ್ ಟೆಸ್ಟಿಗೆ ಕಳಿಸಿದರು. ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ಹೇಳುವ ಟೆಸ್ಟು. ನಮ್ಮ ಆಸ್ಪತ್ರೆಯ ಲೆಕ್ಕ ಸರಳ. ಅರವತ್ತಕ್ಕಿಂತ ಕಡಿಮೆಯಾದರೆ ಐಸಿಯು, ಹೆಚ್ಚಾದರೆ ವಾರ್ಡು. ಬಂದ ನಂಬರು ಅರವತ್ತಮೂರು.

ವಾರ್ಡಿಗೆ ಹಾಕಿದರು.

ವಾರ್ಡಿನ ಸಿಸ್ಟರು ಅವನ ಮುಖ ನೋಡಿದ್ದೇ ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿದರು. ತುಟಿಯ ಬಣ್ಣ ಸರಿಯಿಲ್ಲ ಸಾರ್. ರಿಪೋರ್ಟ್ ಚೆನ್ನಾಗಿದೆಯಲ್ಲ ಸಿಸ್ಟರ್. ಮತ್ತೆ ಫೋನ್. ಉಗುರು ನೀಲಿಯಾಗ್ತಿದೆ ಸಾರ್. ಅರವತ್ತಮೂರು ಇದೆ ಅಂದ್ನಲ್ಲ! ಮೂರನೇ ಫೋನನ್ನು ಡಾಕ್ಟರು ಎತ್ತಲಿಲ್ಲ. ಬೆಳಗಾಗುವಷ್ಟರಲ್ಲಿ ಟೈಲರು ಇರಲಿಲ್ಲ.

ಅವನ ಹೆಂಡತಿ ದೂರು ಬರೆದಳು. ನನಗೆ ಕರೆ ಬಂತು.

ನಾನು ಸಿಸ್ಟರನ್ನು ಲಿನನ್ ರೂಮಿಗೆ ಕರೆದುಕೊಂಡು ಹೋದೆ. ಇಪ್ಪತ್ತೆರಡು ವರ್ಷದ ಸರ್ವಿಸು. ದಾರ ಕಟ್ಟಿದ ಕನ್ನಡಕ. ಮೊದಲೇ ಟೈಪು ಮಾಡಿಸಿದ್ದ ಕಾಗದ ಮುಂದಿಟ್ಟೆ. "ರೋಗಿಯ ಆಮ್ಲಜನಕದ ಮಾಸ್ಕ್ ಸರಿದಿದ್ದನ್ನು ನಾನು ಗಮನಿಸಲಿಲ್ಲ."

"ಮಾಸ್ಕ್ ಸರಿದಿರ್ಲಿಲ್ಲ," ಅಂದರು.

"ಗೊತ್ತು ಸಿಸ್ಟರ್."

"ಗೊತ್ತಿದ್ದೂ?"

ನಾನು ಬೈಯಲಿಲ್ಲ. ಮೇಜು ಕುಟ್ಟಲಿಲ್ಲ. ಒಂದೇ ಮಾತು ಕೇಳಿದೆ... "ಮಗಳು ನಮ್ಮ ನರ್ಸಿಂಗ್ ಕಾಲೇಜಲ್ಲೇ ಓದ್ತಿದ್ದಾಳಲ್ವಾ?"

ಅಷ್ಟೇ.

ಸಿಸ್ಟರು ಕನ್ನಡಕ ಹಾಕಿಕೊಂಡರು. ತಮ್ಮದೇ ಪೆನ್ನು ತೆಗೆದು ಸಹಿ ಮಾಡಿದರು. ಪೆನ್ನಿನ ಮುಚ್ಚಳ ಹಾಕಿ, ಕಾಗದವನ್ನು ನನ್ನ ಕಡೆ ತಿರುಗಿಸಿಟ್ಟರು. ಓದಲು ಅನುಕೂಲವಾಗಲಿ ಅಂತ.

ಸುಕ್ಕು ಹೋಯಿತು. ನಾನು ಕ್ಯಾಂಟೀನಿಗೆ ಹೋಗಿ ಟೀ ಕುಡಿದೆ. ಸಕ್ಕರೆ ಸಾಕಾಗಿಲ್ಲ ಎಂದು ಗಲಾಟೆ ಬೇರೆ ಮಾಡಿದೆ!

*

ನಮ್ಮ ಲ್ಯಾಬಿನ ಹಿರಿಯ ಟೆಕ್ನಿಷಿಯನ್ ನನ್ನ ಭಾವ. ಅಕ್ಕನ ಗಂಡ. ಮೂವತ್ತನಾಲ್ಕು ವರ್ಷ ಇನ್ನೊಬ್ಬರ ರಕ್ತ ನೋಡಿ ನೋಡಿ ಅವರ ಮುಖಕ್ಕೇ ರಕ್ತ ಕಡಿಮೆ. ಮಾತು ಅದಕ್ಕಿಂತ ಕಡಿಮೆ. ಒಂದು ಭಾನುವಾರ ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಾಗ ಕೇಳಿದರು.

"ಆ ಟೈಲರ್ ಸ್ಯಾಂಪಲ್ಲು... ಐಸಲ್ಲಿ ಐವತ್ತೈದು ನಿಮಿಷ ಇತ್ತು ಕಣೋ. ರಿಜಿಸ್ಟರ್ ನೋಡಿದೆ. ಲಿಫ್ಟು ಕೆಟ್ಟಿತ್ತಂತೆ."

"ಐಸಲ್ಲಿತ್ತಲ್ಲ ಭಾವ. ಕೆಡಲ್ಲ."

ಭಾವ ತುತ್ತನ್ನು ತಟ್ಟೆಗೇ ಇಳಿಸಿದರು.

"ನಾನು ನಿನಗೆ ಒಂದು ಕಾಗದ ಕೊಟ್ಟಿದ್ದೆ. ಹೋದ ವರ್ಷ. ಆಡಳಿತಾಧಿಕಾರಿಗೆ ಕೊಡು ಅಂತ."

"ಹೂಂ."

"ಕೊಟ್ಟೆ ತಾನೆ?"

"ಕೊಟ್ಟೆ ಭಾವ."

ಅಕ್ಕ ನನ್ನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು.

ಆ ಕಾಗದ ನನ್ನ ಡ್ರಾಯರಿನಲ್ಲೇ ಇತ್ತು. ಮೂಲೆಯಲ್ಲಿ ನನ್ನದೇ ಕೈಬರಹ: "ನೋಡಿದೆ. ಅಗತ್ಯವಿಲ್ಲ."

ಯಾಕೆಂದರೆ ಐಸಿನ ಐಡಿಯಾ ನನ್ನದು! ಲ್ಯಾಬು ಹೊಸ ಕಟ್ಟಡಕ್ಕೆ ಹೋದಾಗ ಐಸಿಯು ಹಳೆಯದರಲ್ಲೇ ಉಳಿಯಿತು. ಸ್ಯಾಂಪಲ್ಲು ತಲುಪುವುದು ತಡ. ಐಸಿಯುಗೆ ಇನ್ನೊಂದು ಮೆಷಿನ್ ಕೊಡಿ ಎಂದು ಡಾಕ್ಟರುಗಳು ಕೂತರು, ನಿಂತರು, ಕೊನೆಗೆ ಗೊಣಗಿದರು. ನಾನು ಹಳೆಯ ಕಾಲದ ಒಬ್ಬ ಕಾಂಪೌಂಡರನ್ನು ಕೇಳಿದೆ. ನಮ್ಮ ಕಾಲದಲ್ಲಿ ಐಸಲ್ಲಿ ಇಡ್ತಿದ್ವಿ ಅಂದ. ಆಯಿತಲ್ಲ! ಒಂಬತ್ತು ರೂಲು ಬರೆದೆ. ಪ್ರತಿ ಸಿರಿಂಜು ಐಸ್ ಫ್ಲಾಸ್ಕಿನಲ್ಲಿ, ಮುಚ್ಚಳಕ್ಕೆ ಟೇಪು, ಟೇಪಿನ ಮೇಲೆ ಟೈಮು, ಸಹಿ. ಫ್ಲಾಸ್ಕು ಹೊರುವ ಕೆಲಸ ಕಂಬನ ಹುಡುಗರಿಗೆ. ನನ್ನ ಫೋಟೋ ನೋಟಿಸ್ ಬೋರ್ಡಿಗೆ ಬಂತು. ಕೈಯಲ್ಲಿ ಫ್ಲಾಸ್ಕು ಹಿಡಿದು ನಗುತ್ತಿದ್ದೇನೆ. ಪಿಕ್‌ನಿಕ್ಕಿಗೆ ಹೊರಟವನ ಹಾಗೆ.

"ಆ ಕಾಂಪೌಂಡರ್ ಹೇಳಿದ್ದು ಗಾಜಿನ ಸಿರಿಂಜಿನ ಕಾಲದ್ದು ಕಣೋ," ಅಂದರು ಭಾವ. "ಗಾಜು ಗಾಳಿ ಬಿಡಲ್ಲ. ಈಗಿಂದು ಪ್ಲಾಸ್ಟಿಕ್. ನಮ್ಮ ಕಣ್ಣಿಗೆ ಗಟ್ಟಿ, ಆಮ್ಲಜನಕಕ್ಕೆ ಜಾಲರಿ. ರಕ್ತ ತಣ್ಣಗಾದಷ್ಟೂ ಹೊರಗಿನ ಆಮ್ಲಜನಕಾನ ಒಳಗೆ ಎಳ್ಕೊಂಡು ಹಿಡಿದಿಟ್ಕೊಳ್ಳುತ್ತೆ. ಆಮೇಲೆ ಮೆಷಿನ್ ಅದನ್ನ ಮೈಬಿಸಿಗೆ ತಂದು ಓದುತ್ತೆ. ಹಿಡಿದಿದ್ದೆಲ್ಲ ಕಕ್ಕಿಬಿಡುತ್ತೆ. ನಂಬರ್ ಮೇಲೆ!"

"ಎಷ್ಟು ಮೇಲೆ?"

"ಸ್ವಲ್ಪ."

"ಸ್ವಲ್ಪ ತಾನೆ?"

"ಟೈಲರಿಗೆ ಎಷ್ಟು ಬೇಕಾಗಿತ್ತು?"

ನಾಲ್ಕು. ಅರವತ್ತಮೂರರಲ್ಲಿ ನಾಲ್ಕು ಸುಳ್ಳಾಗಿದ್ದರೆ ಅವನು ಐಸಿಯುನಲ್ಲೇ ಇರುತ್ತಿದ್ದ.

ಕೈ ತೊಳೆಯಲು ಎದ್ದೆ. ನಲ್ಲಿಯ ಮುಂದೆ ಬಹಳ ಹೊತ್ತು ನಿಂತೆ.

*

ವಿಚಾರಣೆಯ ದಿನ, ಮೂರು ಗಂಟೆಗೆ ಎರಡು ನಿಮಿಷ ಇರುವಾಗ, ಆಸ್ಪತ್ರೆಯ ಹಿಂದಿನ ಓಣಿಯಲ್ಲಿ ಸಿಸ್ಟರ ಬಾಗಿಲು ತಟ್ಟಿದೆ. ಎರಡು ಸಿರಿಂಜು, ಸೂಜಿ, ಸ್ಪಿರಿಟ್ಟು, ಫ್ಲಾಸ್ಕಿನ ತುಂಬ ಐಸು. ಎಲ್ಲ ಭಾವ ಕಟ್ಟಿಕೊಟ್ಟದ್ದು. ಕೋಟಿನ ಒಳಜೇಬಿನಲ್ಲಿ ಇನ್ನೊಂದು ವಸ್ತು. ಅದನ್ನು ಭಾವ ಕೊಟ್ಟು ಒಂದು ವರ್ಷ ಮೇಲಾಗಿತ್ತು.

ಅದನ್ನು ಹೊರಗೆ ತೆಗೆಯುವ ಇರಾದೆ ನನಗಿರಲಿಲ್ಲ. ರಕ್ತವೇ ಮಾತಾಡಿಬಿಟ್ಟರೆ ಕಾಗದ ಯಾಕೆ? ಹೀಗಿತ್ತು ನನ್ನ ಪಶ್ಚಾತ್ತಾಪ. ಅದಕ್ಕೂ ಇಸ್ತ್ರಿ ಹಾಕಿಕೊಂಡೇ ಹೊರಟಿದ್ದೆ!

ಬಾಗಿಲು ತೆಗೆದದ್ದು ಮಗಳು. ನನ್ನನ್ನು ನೋಡಿದ್ದೇ ಪುಸ್ತಕ ಎತ್ತಿಕೊಂಡು ಒಳಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ಆ ಚಿಲಕದ ಸದ್ದು ಇದೆಯಲ್ಲ... ಇರಲಿ.

"ನೀವಾ?" ಸಿಸ್ಟರು ಬಂದರು. "ಇನ್ನೇನು ಸಹಿ ಬೇಕು?"

ಹೇಳಿದೆ. ಒಂದೇ ಕೈಯಿಂದ ಎರಡು ಸಿರಿಂಜು. ಒಂದು ಐಸಿಗೆ, ಒಂದು ಹೊರಗೆ. ಎರಡರ ನಂಬರೂ ಕಮಿಟಿಯ ಮುಂದೆ.

"ನನ್ನ ಕೈಯಿಂದ ಸೂಜಿ ಕಿತ್ಕೊಂಡೋರು ನೀವು. ಈಗ ಚುಚ್ಚಿ ಅಂತ ಬಂದಿದ್ದೀರಾ?"

"ನಾಲ್ಕು ಗಂಟೆ ತನಕ ನಿಮ್ಮ ಹೆಸರು ರಿಜಿಸ್ಟರಲ್ಲಿದೆ ಸಿಸ್ಟರ್."

ಗಡಿಯಾರ ನೋಡಿದರು. "ಹಾಗಾದ್ರೆ ಇನ್ನೊಂದು ಗಂಟೆ ನರ್ಸು. ಕೂತ್ಕೊಳ್ಳಿ. ನೋವಾಗುತ್ತೆ. ಮರಗಟ್ಟಿಸೋಕೆ ಏನೂ ಇಲ್ಲ."

"ಪರವಾಗಿಲ್ಲ."

"ಪರವಾಗಿಲ್ವಾ ಅಂತ ನಾನು ಕೇಳ್ಲಿಲ್ಲ. ಅಲುಗಾಡಬೇಡಿ ಅಂತ ಹೇಳ್ತಿದ್ದೀನಿ."

ನನ್ನ ಎಡಗೈ ಹಿಡಿದು ಮಣಿಕಟ್ಟಿನ ಎರಡೂ ಕಡೆ ಒತ್ತಿದರು. ಅಂಗೈ ಬೆಳ್ಳಗಾಯಿತು. ಒಂದು ಬೆರಳು ಬಿಟ್ಟರು. ಬಣ್ಣ ಮರಳಿತು. ಒಂದು ರಕ್ತನಾಳಕ್ಕೆ ಪೆಟ್ಟಾದರೂ ಇನ್ನೊಂದು ಕೈಯನ್ನು ಉಳಿಸುತ್ತದೆಯೇ ಎಂದು ನೋಡುವ ಪರೀಕ್ಷೆಯಂತೆ. ಎಲ್ಲರಿಗೂ ಮಾಡುತ್ತಾರಂತೆ.

ನನಗೂ ಮಾಡಿದರು! ಸೂಜಿಗಿಂತ ಮೊದಲು ಚುಚ್ಚಿದ್ದು ಅದು.

ಆಮೇಲೆ ಸೂಜಿ. ಮೂಳೆಗೆ ಮಿಂಚು ಹೊಡೆದ ಹಾಗಾಯಿತು. ರಕ್ತ ತಾನೇ ಮಿಡಿಮಿಡಿದು ಸಿರಿಂಜಿಗೆ ಏರಿತು. ಗುಳ್ಳೆ ತೆಗೆದು, ಮುಚ್ಚಿ, ಪ್ಲಾಸ್ಟರಿನ ಚೂರಿನ ಮೇಲೆ ಟೈಮು ಬರೆದು ಅಂಟಿಸಿದರು. ಒಂದರ ಮೇಲೆ "ಐಸ್", ಇನ್ನೊಂದರ ಮೇಲೆ "ಕೈ".

"ಐದು ನಿಮಿಷ ಗಟ್ಟಿಯಾಗಿ ಒತ್ತಿ ಹಿಡ್ಕೊಳ್ಳಿ."

"ಟೈಮಿಲ್ಲ ಸಿಸ್ಟರ್."

"ಊದುತ್ತೆ."

"ಊದಲಿ."

"ಕೈ ಅಂತ ಬರ್ದಿರೋದನ್ನ ಜೇಬಲ್ಲಿ ಹಾಕ್ಬೇಡಿ, ಮೈ ಬಿಸಿ ತಾಗುತ್ತೆ. ತುದಿ ಹಿಡ್ಕೊಂಡು ಓಡಿ."

ಐವತ್ತೊಂದು ವರ್ಷದ ಮನುಷ್ಯ, ಕೋಟು ಹಾಕಿಕೊಂಡು, ತನ್ನ ರಕ್ತವನ್ನು ಉರಿಯುವ ಮೇಣದಬತ್ತಿಯಂತೆ ಮುಂದೆ ಹಿಡಿದು ಓಣಿಯಲ್ಲಿ ಓಡಿದ. ನಾಯಿಯೊಂದು ಬೊಗಳಲು ಬಾಯಿ ತೆರೆದು, ಯಾಕೋ ಬೇಡವೆನಿಸಿ ಮುಚ್ಚಿಕೊಂಡಿತು.

*

ನಾನು ಸಿಸ್ಟರ ಮನೆಗೆ ಹೋದ ಸುದ್ದಿ ನನಗಿಂತ ಮೊದಲೇ ಆಸ್ಪತ್ರೆಯ ಗೇಟು ತಲುಪಿತ್ತು; ಒಳಗೆ ಬಿಡಬೇಡಿ ಎಂದು ಆರ್ಡರೂ ಆಗಿತ್ತು. ಲಾಂಡ್ರಿಯ ಮೂಲಕ ನುಗ್ಗಿದೆ. ಅಲ್ಲಿಂದ ಹಾರಿದ್ದನ್ನು ಆಗಲೇ ಹೇಳಿದೆ.

ಅಡುಗೆಮನೆಯ ಹಿಂಭಾಗ. ಸಿಲಿಂಡರ್ ಗೋಡೌನು. ಇಳಿಜಾರಿನಲ್ಲಿ ಏದುಸಿರು. ಹಿಂದೆ ಬೂಟುಗಳ ಸದ್ದು... ನಾಲ್ಕು ಕಾಲು... ಆರು ಕಾಲು! ಮೆಟ್ಟಿಲ ಬಾಗಿಲು ಎಳೆದೆ. ಬೀಗ! ಕಳ್ಳತನ ಆಗುತ್ತದೆ, ಬೀಗ ಹಾಕಿ ಎಂದು ಹೋದ ತಿಂಗಳು ಆರ್ಡರ್ ಮಾಡಿದ್ದೂ ನಾನೇ.

ತಿರುಗಿದೆ. ಕಂಬ ಎದುರಿಗಿದ್ದ.

ಗುದ್ದುತ್ತಾನೆ ಎಂದುಕೊಂಡು ಕಣ್ಣು ಮುಚ್ಚಿದೆ. ಗುದ್ದಲಿಲ್ಲ. ಕಣ್ಣು ಬಿಟ್ಟರೆ ಅವನು ನನ್ನ ಬಲಗೈಯನ್ನೇ ನೋಡುತ್ತಿದ್ದಾನೆ. ಮುಖದಲ್ಲಿ ನಿಜವಾದ ಆಘಾತ.

"ಅಣ್ಣಾ! ಸ್ಯಾಂಪಲ್ಲು ಕೈಲಿ ಹಿಡ್ಕೊಂಡು ಓಡಾಡ್ತಿದ್ದೀಯಾ? ಐಸ್ ಇಲ್ದೆ?"

"ಕಂಬ... ಬೇಡ... ಕೇಳು—"

"ನೀನೇ ಅಲ್ವಾ ಟ್ರೈನಿಂಗ್ ಕೊಟ್ಟಿದ್ದು? ಐಸ್ ಇಲ್ದಿದ್ರೆ ರೋಗಿಗೆ ಮೋಸ ಅಂತ?"

"ಅದು ತಪ್ಪೋ ಮಾರಾಯ!"

"ನಮ್ಮ ಜಗಳದಲ್ಲಿ ಸ್ಯಾಂಪಲ್ಲು ಏನು ತಪ್ಪು ಮಾಡ್ತು?"

ಕಿತ್ತುಕೊಂಡ. ಫ್ಲಾಸ್ಕಿನ ಮುಚ್ಚಳ ತೆಗೆದ. ಕೈ ಎಂದು ಬರೆದ ಸಿರಿಂಜನ್ನು, ನನ್ನ ಕಣ್ಣೆದುರೇ, ಐಸಿನೊಳಗೆ ಜೋಪಾನವಾಗಿ ಮಲಗಿಸಿದ. ಹಸುಗೂಸನ್ನು ಮಲಗಿಸಿದ ಹಾಗೆ. ಮುಚ್ಚಳಕ್ಕೆ ಟೇಪು ಸುತ್ತಿದ. ಕಿವಿಯಿಂದ ಪೆನ್ನು ತೆಗೆದು ಟೈಮು ಬರೆದ, ಮೂರು ಇಪ್ಪತ್ತಾರು. ಸಹಿ ಹಾಕಿದ.

ರೂಲ್ ನಂಬರ್ ನಾಲ್ಕು.

ಆಮೇಲೆ ಗುದ್ದಿದ!

*

ಆಡಳಿತಾಧಿಕಾರಿಯನ್ನು ನಾವು ನಗುಮುಖ ಎನ್ನುತ್ತಿದ್ದೆವು. ಸಂತಾಪ ಸೂಚಿಸುವಾಗಲೂ ಹಲ್ಲು ಕಾಣುತ್ತಿತ್ತು. ನನ್ನನ್ನು ಕೂರಿಸಿ ನೀರು ಕೊಟ್ಟರು. ತುಟಿ ಒಡೆದಿತ್ತು, ನೀರು ಉಪ್ಪಾಗಿತ್ತು.

"ಏನಪ್ಪಾ ಇಸ್ತ್ರಿ, ಬಟ್ಟೆ ಸುಡೋಕೆ ಹೊರಟೆಯಂತೆ?"

"ಐಸಿನ ರೂಲು ತಪ್ಪು ಸಾರ್. ಸಿಸ್ಟರದ್ದಲ್ಲ ತಪ್ಪು."

"ಇರಬಹುದು." ಹಲ್ಲು. "ಹಾಗಿದ್ರೆ ಕಮಿಟಿ ಕೇಳುತ್ತೆ, ಲ್ಯಾಬಿನವರಿಗೆ ಇದು ಗೊತ್ತಿರ್ಲಿಲ್ವಾ? ಗೊತ್ತಿದ್ರೆ ಯಾಕೆ ಹೇಳ್ಲಿಲ್ಲ? ಲ್ಯಾಬಲ್ಲಿ ಹಿರಿಯರು ಯಾರು... ನಿನ್ನ ಭಾವ ಅಲ್ವಾ? ರಿಟೈರ್ ಆಗೋಕೆ ಮೂರು ತಿಂಗಳು ಉಳಿದಿದೆ ಪಾಪ."

ಒಡೆದ ತುಟಿ ಒರೆಸಿಕೊಂಡೆ.

"ಸಿಸ್ಟರ್ ಹೋಗ್ಬೇಕು, ಇಲ್ಲ ಭಾವ ಹೋಗ್ಬೇಕು. ನಿಮ್ಮ ಅಕ್ಕನ್ನ ಕೇಳಿ ತೀರ್ಮಾನ ಮಾಡು. ನಾಲ್ಕು ಗಂಟೆಗೆ ಬಂದು 'ಸಹಿ ನನ್ನ ಮುಂದೆ ಆಯ್ತು' ಅಂತ ಒಂದು ಸಾಲು ಹೇಳು. ಮನೆಗೆ ಹೋಗು."

ಚೆನ್ನಾಗಿ ಒತ್ತುತ್ತಿದ್ದರು. ನೀರು, ಬಿಸಿ, ಭಾರ. ನನ್ನಿಂದಲೇ ಕಲಿತದ್ದು ಅನ್ನಿಸಿತು.

ಮೂರನೆಯವನೊಬ್ಬ ಇದ್ದ. ಅವನು ಹೋದರೆ ಸಿಸ್ಟರೂ ಉಳಿಯುತ್ತಿದ್ದರು, ಭಾವನೂ ಉಳಿಯುತ್ತಿದ್ದರು. ಅವನ ವಿಷಯ ನಗುಮುಖಕ್ಕೆ ಗೊತ್ತಿರಲಿಲ್ಲ. ಅವನು ನನ್ನ ಒಳಜೇಬಿನಲ್ಲಿ, ನಾಲ್ಕು ಮಡಿಕೆಯಾಗಿ, ಬೆವರಿನಲ್ಲಿ ನೆನೆಯುತ್ತಿದ್ದ.

*

ಉದ್ದನೆಯ ಮೇಜು. ಕಮಿಟಿಯ ಮೂವರು. ನಡುವೆ ಅಧ್ಯಕ್ಷೆ, ಎಪ್ಪತ್ತರ ಹತ್ತಿರದ ಡಾಕ್ಟರಮ್ಮ, ಬೆನ್ನು ನೇರ. ಗೋಡೆಯ ಬದಿ ಟೈಲರ ಹೆಂಡತಿ, ಮಡಿಲಲ್ಲಿ ಚೀಲ. ಎದುರಿಗೆ ಸಿಸ್ಟರು. ಬಾಗಿಲಲ್ಲಿ ಕಂಬ, ಹೆಗಲಲ್ಲಿ ಫ್ಲಾಸ್ಕು.

"ಈ ಸಹಿ ನಿಮ್ಮ ಮುಂದೆ ಆಯ್ತಾ?" ಅಧ್ಯಕ್ಷೆ ಕೇಳಿದರು.

"ಆಯ್ತು ಮೇಡಂ."

ನಗುಮುಖ ನಕ್ಕಿತು.

"ನಾನೇ ಮಾಡಿಸಿದ್ದು," ಅಂದೆ. "ಮಗಳ ಸೀಟಿನ ಹೆಸರು ಹೇಳಿ ಹೆದರಿಸಿ. ಮಾಸ್ಕ್ ಸರಿದಿರ್ಲಿಲ್ಲ. ರಿಪೋರ್ಟೇ ತಪ್ಪಾಗಿತ್ತು."

ಗದ್ದಲ! ನಗುಮುಖ ಎದ್ದುನಿಂತರು. ಹುಷಾರಿಲ್ಲ ಇವನಿಗೆ ಎಂದರು. ಕಂಬ ಒಳಗೆ ಹೆಜ್ಜೆ ಇಟ್ಟ. ನನ್ನನ್ನು ಎಳೆದೊಯ್ಯಲು ಎಂದುಕೊಂಡೆ. ಅವನು ಫ್ಲಾಸ್ಕನ್ನು ಮೇಜಿನ ಮೇಲಿಟ್ಟ.

"ಸಾರ್, ಇದನ್ನೇನು ಮಾಡ್ಲಿ? ರೂಲ್ ಪ್ರಕಾರ ಸ್ಯಾಂಪಲ್ಲು ಲ್ಯಾಬಿಗೆ ಹೋಗ್ಬೇಕು. ಆಗ್ಲಿಂದ ಇಟ್ಕೊಂಡು ಕೂತಿದ್ದೀನಿ."

ಆ ಹೊತ್ತಿನಲ್ಲಿ ಅವನನ್ನು ತಬ್ಬಿಕೊಳ್ಳಬೇಕೆನಿಸಿತು. ಒಡೆದ ತುಟಿ ಬೇಡವೆಂದಿತು.

ಅಧ್ಯಕ್ಷೆ ಟೇಪು ನೋಡಿದರು. ಟೈಮು, ಸಹಿ. ನಾನು ಬಡಬಡನೆ ಎಲ್ಲ ಹೇಳಿದೆ. ಅವರು ಕೊನೆಯವರೆಗೂ ಕೇಳಿದರು.

"ನಾನೂ ಗಾಜಿನ ಸಿರಿಂಜಿನ ಕಾಲದವಳು. ಐಸಲ್ಲೇ ಇಟ್ಟಿದ್ದು ನಾವು," ಎಂದರು. "ಎರಡೂ ಐಸಿಗೆ ಹೋದವಲ್ಲ. ಈಗ ಹೋಲಿಸೋದು ಯಾವುದರ ಜೊತೆ?"

ನಾನು ಬಲಗೈಯ ಅಂಗಿತೋಳು ಮೇಲಕ್ಕೆ ಮಡಚಿದೆ.

ಸಿಸ್ಟರು ಎದ್ದರು. "ಟೈಮ್ ನಾಲ್ಕು ದಾಟಿತು ಮೇಡಂ. ನಾನು ಚುಚ್ಚಬಹುದಾ?"

"ನಾನಿನ್ನೂ ಏನೂ ಬರೆದಿಲ್ಲ. ಚುಚ್ಚಮ್ಮ."

ಲ್ಯಾಬಿನಿಂದ ಹೊಸ ಸಿರಿಂಜು ಬಂತು. ಮತ್ತೆ ಅದೇ ಪರೀಕ್ಷೆ. ಒತ್ತಿದರು, ಬಿಟ್ಟರು, ಬಣ್ಣ ನೋಡಿದರು. ಮತ್ತೆ ಮಿಂಚು. ಎಲ್ಲರೂ ಕಾರಿಡಾರು ದಾಟಿ ಲ್ಯಾಬಿಗೆ ಹೋದೆವು. ಭಾವ ಮೆಷಿನ್ನಿನ ಮುಂದೆ ನಿಂತಿದ್ದರು. ಸಿರಿಂಜನ್ನು ಅಂಗೈಗಳ ನಡುವೆ ಹೊರಳಿಸಿದರು.

ಹೊಸದು: ತೊಂಬತ್ತೆರಡು.

ಕೈ, ಐವತ್ತು ನಿಮಿಷ ಐಸಿನಲ್ಲಿ: ನೂರಾ ಒಂದು.

ಐಸ್, ಎಪ್ಪತ್ತು ನಿಮಿಷ: ನೂರಾ ಒಂಬತ್ತು!

ಒಬ್ಬನೇ ಮನುಷ್ಯ. ಮೂರು ಸತ್ಯ. ತಣ್ಣಗೆ ಇಟ್ಟಷ್ಟೂ ಆರೋಗ್ಯವಂತ!

"ನೋಡಿ ಮೇಡಂ!" ಎಂದೆ. ಗೆದ್ದೆ ಎಂದುಕೊಂಡೆ. ಕಾಗದ ಬೇಕಾಗಲಿಲ್ಲ ಎಂದುಕೊಂಡೆ. ಒಳಜೇಬಿನ ಮೇಲಿದ್ದ ಕೈ ಸಡಿಲವಾಯಿತು. ಆ ಸಡಿಲಿಕೆ ನನಗೆ ಇವತ್ತಿಗೂ ನೆನಪಿದೆ.

"ಓಡಿ ಬಂದಿದ್ದೀರಿ. ಹೊಡೆತ ತಿಂದಿದ್ದೀರಿ. ಬೇರೆ ಹೊತ್ತು, ಬೇರೆ ಕೈ," ಎಂದರು ಅಧ್ಯಕ್ಷೆ. "ಆಮ್ಲಜನಕ ಮೊದಲೇ ಕಡಿಮೆ ಇರೋ ರಕ್ತದಲ್ಲಿ ನಂಬರ್ ಇಷ್ಟೊಂದು ಏರೋದೂ ಇಲ್ಲ. ಅನುಮಾನಕ್ಕೆ ಇದು ಸಾಕು. ತೀರ್ಪಿಗೆ ಸಾಲ್ದು." ಭಾವನ ಕಡೆ ತಿರುಗಿದರು. "ನಿಮಗೆ ಇದು ಗೊತ್ತಿತ್ತಾ?"

"ಗೊತ್ತಿತ್ತು ಮೇಡಂ."

"ಯಾಕೆ ಹೇಳ್ಲಿಲ್ಲ?"

ನಗುಮುಖ ಹಲ್ಲು ತೋರಿಸಿತು.

ಭಾವ ನನ್ನ ಕಡೆ ನೋಡಿದರು. ಒಂದೇ ಸಲ. ಆ ಭಾನುವಾರವೇ ಅವರಿಗೆ ಗೊತ್ತಾಗಿಹೋಗಿತ್ತು ಎಂದು ಆಗ ತಿಳಿಯಿತು. ಆದರೂ ಸಿರಿಂಜು ಕಟ್ಟಿಕೊಟ್ಟಿದ್ದರು. ಐಸು ತುಂಬಿಕೊಟ್ಟಿದ್ದರು. ನಾನೇ ಹೇಳಲಿ ಎಂದು ಕಾದಿದ್ದರು.

ನೆಲ ನೋಡಿದರು. ಬಾಯಿ ತೆರೆಯಲಿಲ್ಲ. ಹೆಂಡತಿಯ ತಮ್ಮ ನಾನು.

ಮೆಷಿನ್ನಿನ ಫ್ಯಾನು ಗುಂಯ್ ಎನ್ನುತ್ತಿತ್ತು. ಹತ್ತು ಎಣಿಸುವಷ್ಟು ಹೊತ್ತು ನಾನೂ ಸುಮ್ಮನಿದ್ದೆ. ನಿಮ್ಮ ಹತ್ತಿರ ಸುಳ್ಳು ಯಾಕೆ? ಹತ್ತಲ್ಲ, ಇಪ್ಪತ್ತು.

"ಹೇಳಿದ್ರು ಮೇಡಂ," ಅಂದೆ.

ಕಾಗದ ತೆಗೆದೆ. ಮಡಿಕೆಗಳು ಬೆವರಿಗೆ ಅಂಟಿಕೊಂಡಿದ್ದವು. ಮೇಜಿನ ಮೇಲೆ ಹರಡಿ, ಅಂಗೈಯಿಂದ ಒತ್ತಿದೆ. ಸುಕ್ಕು ಹೋಗಲಿಲ್ಲ.

ಅಧ್ಯಕ್ಷೆ ಜೋರಾಗಿ ಓದಿದರು. ಪ್ಲಾಸ್ಟಿಕ್ ಸಿರಿಂಜು ಐಸಿನಲ್ಲಿ ಬೇಡ. ಅರ್ಧ ಗಂಟೆಯೊಳಗೆ ಓದಿ. ಆಗದಿದ್ದರೆ ಐಸಿಯುಗೆ ಮೆಷಿನ್ ಕೊಡಿ. ಇಲ್ಲವಾದರೆ ರಿಪೋರ್ಟ್ ಚೆನ್ನಾಗಿರುತ್ತದೆ, ರೋಗಿ ಚೆನ್ನಾಗಿರುವುದಿಲ್ಲ. ಕೆಳಗೆ ಭಾವನ ಸಹಿ. ತಾರೀಕು, ಟೈಲರು ಸಾಯುವುದಕ್ಕೆ ಹದಿನಾಲ್ಕು ತಿಂಗಳ ಹಿಂದಿನದು.

"ಮೂಲೇಲಿ ಏನೋ ಬರ್ದಿದೆ. 'ನೋಡಿದೆ. ಅಗತ್ಯವಿಲ್ಲ.' ಯಾರ ಕೈಬರಹ ಇದು?"

"ನನ್ನದು."

ಕಂಬ ಬಾಗಿಲಲ್ಲಿ ತನ್ನ ದೊಡ್ಡ ಕೈಗಳನ್ನು ನೋಡಿಕೊಳ್ಳುತ್ತಿದ್ದ. ಆ ಕಾಗದ ಬಂದ ಮೇಲೂ ಆ ಫ್ಲಾಸ್ಕುಗಳನ್ನು ಅವನ ಹುಡುಗರು ಹದಿನೈದು ತಿಂಗಳು ಹೊತ್ತಿದ್ದರು. ದಿನಕ್ಕೆ ಎಂಟು, ಹತ್ತು. ಎಷ್ಟಾಯಿತು ಎಂದು ಎಣಿಸುತ್ತಿದ್ದ ಎಂದು ಕಾಣುತ್ತದೆ. ನಾನೂ ಎಣಿಸಿದ್ದೇನೆ. ಟೈಲರೊಬ್ಬನೇ ಎಂದು ಯಾರು ಹೇಳಿದರು?

*

ಸಿಸ್ಟರ ಹೆಸರು ಉಳಿಯಿತು. ಅಧ್ಯಕ್ಷೆ ಆ ಫೈಲು ಮುಚ್ಚಿ, ಹೊಸ ಫೈಲು ತೆರೆದು, ಮೇಲೆ ನನ್ನ ಹೆಸರು ಬರೆದರು. ಅದರ ಕೆಳಗೆ ನಗುಮುಖದ್ದು. ಆಗಲೂ ನಗುತ್ತಿದ್ದರು. ಅಭ್ಯಾಸ.

ಕಾರಿಡಾರಿನಲ್ಲಿ ಟೈಲರ ಹೆಂಡತಿ ನನ್ನನ್ನು ನಿಲ್ಲಿಸಿದಳು. ಬೈಯುತ್ತಾಳೆ ಎಂದು ಕಾದೆ. ಬೈದರೆ ಹಗುರವಾಗುತ್ತಿತ್ತು.

"ಎಷ್ಟು ಜಾಸ್ತಿ ತೋರಿಸಿತ್ತಂತೆ?"

"ನಾಲ್ಕೋ ಐದೋ ಇರಬಹುದು ಅಮ್ಮ."

"ನಾಲ್ಕು..." ಚೀಲದ ಹಿಡಿ ಸರಿಮಾಡಿಕೊಂಡಳು. "ಕಾಲಿಂಚು ಹೆಚ್ಚುಕಮ್ಮಿ ಆದ್ರೂ ನಮ್ಮೋರು ಇಡೀ ಹೊಲಿಗೆ ಬಿಚ್ಚಿ ಮತ್ತೆ ಹೊಲೀತಿದ್ರು. ಗಿರಾಕಿ ಬೇಡ ಅಂದ್ರೂ."

ಹೋದಳು.

ಭಾವ ಮೂರು ತಿಂಗಳ ನಂತರ ಮರ್ಯಾದೆಯಿಂದ ರಿಟೈರ್ ಆದರು. ಅಕ್ಕನ ಮನೆಯಲ್ಲಿ ಊಟಕ್ಕೆ ನನ್ನ ತಟ್ಟೆಯನ್ನು ಇನ್ನೂ ಹಾಕುತ್ತಾರೆ. ಐಸಿನ ಮಾತು ಎತ್ತುವುದಿಲ್ಲ. ನನಗೆ ತಣ್ಣೀರು ಕೊಡುವಾಗ ಮಾತ್ರ ಅಕ್ಕನ ಕೈ ಒಂದು ಕ್ಷಣ ತಡೆಯುತ್ತದೆ.

ಆ ದಿನ ಸಿಸ್ಟರನ್ನು ಗೇಟಿನ ಹತ್ತಿರ ಹಿಡಿದೆ. ಮಗಳು ಕರೆದುಕೊಂಡು ಹೋಗಲು ಬಂದಿದ್ದಳು. ನನ್ನನ್ನು ನೋಡಿ ಅವಳು ನಾಲ್ಕು ಹೆಜ್ಜೆ ದೂರ ಸರಿದು ನಿಂತಳು.

"ಸಿಸ್ಟರ್... ನನ್ನನ್ನ ಕ್ಷಮಿಸಿ."

ಕನ್ನಡಕ ಹಾಕಿಕೊಂಡರು. ನನ್ನ ಎರಡೂ ಕೈ ಹಿಡಿದು, ತಿರುಗಿಸಿ, ಮಣಿಕಟ್ಟು ನೋಡಿದರು. ಎರಡೂ ಕಡೆ ಊದಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಉತ್ತರ ಬರುತ್ತದೆ ಎಂದು ಕಾದೆ. ಕನ್ನಡಕ ತೆಗೆದು ದಾರಕ್ಕೆ ಬಿಟ್ಟರು.

"ಒತ್ತಿ ಹಿಡ್ಕೊಳ್ಳಿ ಅಂದಿದ್ದೆ, ಕೇಳ್ಲಿಲ್ಲ," ಎಂದರು. "ಮನೆಗೆ ಹೋಗಿ ಐಸ್ ಇಟ್ಕೊಳ್ಳಿ. ಇದಕ್ಕಾದ್ರೆ ನಡೆಯುತ್ತೆ."